ಒಂದೇ ಪೈಪಿನ ನೀರು: ಓಪನ್‌ಎಸ್‌ಎಸ್‌ಎಲ್ ಅಪ್‌ಗ್ರೇಡ್‌ಗೆ ಮೊದಲು ಏನೇನು ನೋಡಬೇಕು

ಶಿರಸಿ ಕಡೆಯ ಹಳ್ಳಿಗಳಲ್ಲಿ ಗುಡ್ಡದ ಮೇಲಿನ ಅಬ್ಬಿ ನೀರನ್ನು ಕೆಳಗಿಳಿಸಿ ನಾಲ್ಕೈದು ಮನೆಯವರು ಹಂಚಿಕೊಳ್ಳುವುದು ಇವತ್ತಿಗೂ ಇದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಆ ಪೈಪು ಹಳತಾಗಿ ಸೀಳಿತು ಅಂದುಕೊಳ್ಳಿ. ಬದಲಿಸಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಒಂದೂವರೆ ಇಂಚಿನದನ್ನು ತೆಗೆದು ಎರಡಿಂಚಿನದನ್ನು ಹಾಕುವ ಮೊದಲು ಕೆಳಗಿನ ಒಂದೊಂದು ಮನೆಗೂ ಹೋಗಿ ಅಲ್ಲಿ ಜೋಡಣೆ ಹೇಗಿದೆ, ಹಳೆ ವಾಲ್ವ್ ಹೊಸ ಒತ್ತಡ ತಡೆಯುತ್ತದಾ, ತೋಟಕ್ಕೆ ಹೋಗುವ ಕವಲು ಎಲ್ಲಿಂದ ಶುರುವಾಗಿದೆ ಅಂತ ನೋಡದಿದ್ದರೆ, ಮರುದಿನ ಬೆಳಿಗ್ಗೆ ಯಾರದೋ ಕೊಟ್ಟಿಗೆಗೆ ನೀರಿರುವುದಿಲ್ಲ.

ಲಿನಕ್ಸ್ ಸರ್ವರಿನಲ್ಲಿ ಓಪನ್‌ಎಸ್‌ಎಸ್‌ಎಲ್ ಅಂದರೆ ಇಂಥದೇ ಪೈಪು. ಗೂಢಲಿಪಿಯ ಕೆಲಸವನ್ನೆಲ್ಲ ಮಾಡುವ ಲೈಬ್ರರಿ, ಅಂದರೆ ಬೇರೆ ಬೇರೆ ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡಿನ ಕಟ್ಟು ಇದು. ಇದರಲ್ಲಿ ಮುಖ್ಯವಾಗಿ ಎರಡು ಫೈಲು. ಲೆಕ್ಕಾಚಾರದ ಭಾಗ ಲಿಬ್‌ಕ್ರಿಪ್ಟೋ, ನೆಟ್‌ವರ್ಕ್ ಸಂಪರ್ಕವನ್ನು ಭದ್ರ ಮಾಡುವ ಭಾಗ ಲಿಬ್‌ಎಸ್‌ಎಸ್‌ಎಲ್. ವೆಬ್ ಸರ್ವರು, ಡೇಟಾಬೇಸು, ಮೇಲ್ ಸರ್ವರು, ಪಿಎಚ್‌ಪಿ, ಪೈಥಾನ್, ಕರ್ಲ್ ಎಲ್ಲ ಇದರ ಮೇಲೇ ನಿಂತಿರುತ್ತವೆ. ನಾವು ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೂಡ ಲಿಬ್‌ಕ್ರಿಪ್ಟೋ ಬಳಸುತ್ತದೆ. ಇದು ಕೆಟ್ಟರೆ ಸರಿಮಾಡಲು ಒಳಗೆ ಹೋಗುವ ಬಾಗಿಲೇ ಮುಚ್ಚಬಹುದು. ಅದಕ್ಕೇ ಬೇರೆ ಲೈಬ್ರರಿಗಿಂತ ಇದಕ್ಕೆ ಜಾಸ್ತಿ ಎಚ್ಚರ ಬೇಕು.

ನಾನು ಶಿರಸಿಯಲ್ಲಿ ಕೂತು ಕೆಲವು ಸಹಕಾರ ಸಂಘಗಳ, ಅಂಗಡಿಗಳ ಸರ್ವರು ನೋಡಿಕೊಳ್ಳುತ್ತೇನೆ. ಒಂದು ಸಂಘದ ಸರ್ವರನ್ನು ಉಬುಂಟು 20.04ರಿಂದ 22.04ಕ್ಕೆ ಏರಿಸಿದೆ. ಅಂದರೆ ಓಪನ್‌ಎಸ್‌ಎಸ್‌ಎಲ್ 1.1.1ರಿಂದ 3.0ಕ್ಕೆ ಹೋಯಿತು, ಜೊತೆಗೆ ಪಿಎಚ್‌ಪಿ 7.4ರಿಂದ 8.1ಕ್ಕೆ. ರಾತ್ರಿ ಕೆಲಸ ಮುಗಿಯಿತು. ವೆಬ್ ಪುಟ ತೆರೆಯಿತು, ಡೇಟಾಬೇಸ್ ಎದ್ದಿತು, ಸರ್ವಿಸುಗಳೆಲ್ಲ ಓಡುತ್ತಿದ್ದವು. ಮರುದಿನ ಹನ್ನೊಂದರ ಹೊತ್ತಿಗೆ ಸಂಘದ ಮ್ಯಾನೇಜರರ ಫೋನು. "ತಮಾ, ಒಂದೂ ಪೇಮೆಂಟು ಹೋಗ್ತಾ ಇಲ್ಲೆ, ಎಂತ ಆತು ನೋಡು." ಅಡಿಕೆ ವ್ಯಾಪಾರದ ದಿನ. ರೈತರು ದುಡ್ಡಿಗಾಗಿ ಕಾಯುತ್ತಿದ್ದರು. ನಾನು ಮೂರು ತಾಸು ಪಿಎಚ್‌ಪಿಯಲ್ಲೇ ತಪ್ಪು ಹುಡುಕಿದೆ. ಅದರಲ್ಲೇನೂ ತಪ್ಪಿರಲಿಲ್ಲ.

ತಪ್ಪಿದ್ದದ್ದು ಒಂದು ಪುಟ್ಟ ಫೈಲಿನಲ್ಲಿ. ಬ್ಯಾಂಕಿನ ಸರ್ವರಿಗೆ ನಾವು ಯಾರು ಅಂತ ತೋರಿಸುವ ಪ್ರಮಾಣಪತ್ರ ಮತ್ತು ಅದರ ಖಾಸಗಿ ಕೀ, ಎರಡನ್ನೂ ಒಟ್ಟಿಗೆ ಪಾಸ್‌ವರ್ಡ್ ಹಾಕಿ ಕಟ್ಟಿಟ್ಟ ಪಿ12 ಫೈಲದು. ಅದನ್ನು ಎಷ್ಟೋ ವರ್ಷದ ಹಿಂದೆ ಹಳೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಮಾಡಿದ್ದರು. ಹಳೇ ಓಪನ್‌ಎಸ್‌ಎಸ್‌ಎಲ್ ಇಂಥ ಫೈಲು ಮಾಡುವಾಗ ಪ್ರಮಾಣಪತ್ರವನ್ನು 40 ಬಿಟ್‌ನ ಆರ್‌ಸಿ2 ಎಂಬ ವಿಧಾನದಲ್ಲಿ ಮುಚ್ಚುತ್ತಿತ್ತು. ಓಪನ್‌ಎಸ್‌ಎಸ್‌ಎಲ್ 3ರಲ್ಲಿ ಆರ್‌ಸಿ2 ಮಾಮೂಲಿ ಕಪಾಟಿನಲ್ಲಿಲ್ಲ. ಅದನ್ನು ಲೆಗಸಿ ಅನ್ನುವ ಬೇರೆ ಕಪಾಟಿಗೆ ಹಾಕಿದ್ದಾರೆ, ನಾವಾಗಿ ಕೇಳದೆ ಅದು ತೆರೆಯುವುದಿಲ್ಲ. ಹಾಗಾಗಿ ಪಾಸ್‌ವರ್ಡ್ ಸರಿಯಿದ್ದರೂ ಫೈಲು ತೆರೆಯಲಿಲ್ಲ. ತಪ್ಪುಗಳನ್ನು ಬರೆದಿಡುವ ಲಾಗ್ ಫೈಲಿನಲ್ಲಿ 0308010ಸಿ ಎಂಬ ಸಂಖ್ಯೆ, ಪಕ್ಕದಲ್ಲಿ 'ಅನ್‌ಸಪೋರ್ಟೆಡ್' ಅನ್ನುವ ಒಂದೇ ಮಾತು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಕಂಡ ತಕ್ಷಣ ಹಳೇ ವಿಧಾನದ ಗೂಢಲಿಪಿ ಎಲ್ಲೋ ಉಳಿದಿದೆ ಅಂತ ಅನುಮಾನಿಸಿ. 2021ರ ಅಕ್ಟೋಬರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 17 ಬಂದಾಗ, ವೆಬ್ ಪುಟಗಳ ಕೋಡನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ 4 ಬಳಸುವವರಿಗೆಲ್ಲ ಇದೇ ಸಂಖ್ಯೆ ಕಂಡಿತ್ತು. ಅಲ್ಲಿ ವೆಬ್‌ಪ್ಯಾಕು ಎಂಡಿ4 ಅನ್ನುವ ಹಳೇ ಹ್ಯಾಶ್ ಬಳಸುತ್ತಿತ್ತು. ಅದೂ ಲೆಗಸಿ ಕಪಾಟಿನಲ್ಲೇ ಇರುವುದು.

ಆ ದಿನದ ಪರಿಹಾರ ಹತ್ತು ನಿಮಿಷದ್ದು. ಲೆಗಸಿ ಆಯ್ಕೆ ಕೊಟ್ಟು ಫೈಲನ್ನು ಒಮ್ಮೆ ತೆರೆದು, ಹೊಸ ವಿಧಾನದಲ್ಲಿ ಮತ್ತೆ ಕಟ್ಟಿದೆ. ಆ ಹತ್ತು ನಿಮಿಷದ ಕೆಲಸ ಮೊದಲೇ ಆಗಬಹುದಿತ್ತು. ಅದಕ್ಕಾಗಿಯೇ ಇಷ್ಟನ್ನೂ ಬರೆಯುತ್ತಿದ್ದೇನೆ.

ಹೊಂದಿಕೆ ಅಂದಾಗ ಎಲ್ಲರೂ ಒಂದೇ ಪ್ರಶ್ನೆ ಅಂದುಕೊಳ್ಳುತ್ತಾರೆ. ಅಲ್ಲಿರುವುದು ಮೂರು. ಈಗಾಗಲೇ ಕಟ್ಟಿಟ್ಟ ಪ್ರೋಗ್ರಾಮು ಹೊಸ ಲೈಬ್ರರಿಗೆ ಜೋಡಣೆಯಾಗುತ್ತದಾ? ಮೂಲ ಕೋಡನ್ನು ಹೊಸದರ ಜೊತೆ ಮತ್ತೆ ಕಂಪೈಲ್ ಮಾಡಿದರೆ, ಅಂದರೆ ಓಡುವ ಪ್ರೋಗ್ರಾಮಾಗಿ ಕಟ್ಟಿದರೆ ಆಗುತ್ತದಾ? ಎರಡೂ ಆದಮೇಲೆ, ಮೊದಲಿನ ಹಾಗೇ ಕೆಲಸ ಮಾಡುತ್ತದಾ? ಪ್ರೋಗ್ರಾಮುಗಳನ್ನು ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ, ಅದೂ ತಾನು ಹಾಕಿದ ಪ್ಯಾಕೇಜುಗಳ ಬಗ್ಗೆ ಮಾತ್ರ. ನನಗೆ ಏಟು ಬಿದ್ದದ್ದು ಮೂರನೆಯದರಲ್ಲಿ.

ಮೊದಲನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಲೈಬ್ರರಿ ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. 1.1.1ರ ಫೈಲಿಗೆ 1.1 ಅಂತ, 3.0ರ ಫೈಲಿಗೆ 3 ಅಂತ. ಪ್ರೋಗ್ರಾಮು ತನಗೆ ಯಾವ ಸಂಖ್ಯೆಯದು ಬೇಕು ಅಂತ ತನ್ನೊಳಗೇ ಬರೆದುಕೊಂಡಿರುತ್ತದೆ. 1.1 ಕೇಳುವ ಪ್ರೋಗ್ರಾಮಿಗೆ 3 ಕೊಟ್ಟರೆ ಅದು ಏಳುವುದೇ ಇಲ್ಲ. ಉಬುಂಟು 22.04 ಬಂದ ಹೊಸತರಲ್ಲಿ ಮೊಂಗೋಡಿಬಿ ಹಾಕಲು ಹೋದವರಿಗೆ ಲಿಬ್‌ಎಸ್‌ಎಸ್‌ಎಲ್ 1.1 ಸಿಗುತ್ತಿಲ್ಲ ಅಂತ ಬರುತ್ತಿದ್ದದ್ದು ಇದಕ್ಕೇ. 3.0ರಿಂದ ಈಚೆಗೆ ಲೆಕ್ಕ ಸುಲಭವಾಗಿದೆ. ಮೊದಲ ಅಂಕಿ ಬದಲಾಗದೆ ಇದ್ದರೆ ಜೋಡಣೆ ಒಡೆಯುವುದಿಲ್ಲ, 3.0ಕ್ಕೆ ಕಟ್ಟಿದ್ದು 3.5ರ ಜೊತೆಗೂ ಓಡಬೇಕು. ಹಳೇ ಕಾಲದಲ್ಲಿ ಹಾಗಿರಲಿಲ್ಲ. 1.0.2ರಿಂದ 1.1.0ಕ್ಕೆ ಹೋದಾಗ ಮೊದಲ ಅಂಕಿ ಒಂದೇ ಆಗಿದ್ದರೂ ಒಳಗಿನ ರಚನೆಗಳನ್ನೆಲ್ಲ ಮುಚ್ಚಿಟ್ಟು ಎಷ್ಟೋ ಪ್ರೋಗ್ರಾಮುಗಳ ಕೋಡನ್ನೇ ತಿದ್ದಬೇಕಾಯಿತು.

ಎರಡನೆಯದು ನೀವೇ ಮೂಲದಿಂದ ಕಟ್ಟಿಕೊಂಡ ಪ್ರೋಗ್ರಾಮುಗಳಿಗೆ ಸೇರಿದ್ದು. ಇಲ್ಲಿ ಭಾಷೆಗಳ ಆವೃತ್ತಿ ನೋಡಿ. ಓಪನ್‌ಎಸ್‌ಎಸ್‌ಎಲ್ 3ರ ಜೊತೆ ಸರಿಯಾಗಿ ಹೊಂದುವುದು ಪಿಎಚ್‌ಪಿ 8.1ರಿಂದ, ರೂಬಿ 3.1ರಿಂದ. ಅತ್ತಲಿಂದ ಪೈಥಾನ್ 3.10ಕ್ಕೆ ಕನಿಷ್ಠ 1.1.1 ಆದರೂ ಬೇಕೇ ಬೇಕು. ಅಂದರೆ ಲೈಬ್ರರಿ ತೀರ ಹೊಸದಾದರೂ ಕಷ್ಟ, ತೀರ ಹಳೆಯದಾದರೂ ಕಷ್ಟ. ನಿಮ್ಮ ಪ್ರತಿಯೊಂದು ಪ್ರೋಗ್ರಾಮಿಗೂ ಇಲ್ಲಿಂದ ಇಲ್ಲಿಯವರೆಗೆ ಅಂತ ಒಂದು ಮಿತಿ ಇರುತ್ತದೆ. ಆ ಮಿತಿಗಳೆಲ್ಲ ಒಂದರ ಮೇಲೊಂದು ಬರುವ ಜಾಗವನ್ನು ಹುಡುಕುವುದೇ ಇಲ್ಲಿನ ಕೆಲಸ.

ಇದಕ್ಕೆಲ್ಲ ಮೊದಲು ಪಟ್ಟಿ ಬೇಕು. ಯಾವ್ಯಾವ ಮನೆಗೆ ಈ ಪೈಪಿನ ನೀರು ಹೋಗುತ್ತದೆ? ಡೆಬಿಯನ್, ಉಬುಂಟುವಿನಲ್ಲಿ ಆಪ್ಟ್ ಎಂಬ ಪ್ಯಾಕೇಜ್ ಮ್ಯಾನೇಜರಿಗೆ ಹೇಳಿದರೆ ಲಿಬ್‌ಎಸ್‌ಎಸ್‌ಎಲ್ ಪ್ಯಾಕೇಜನ್ನು ನೆಚ್ಚಿಕೊಂಡಿರುವ ಪ್ಯಾಕೇಜುಗಳನ್ನು ತೋರಿಸುತ್ತದೆ. ರೆಡ್‌ಹ್ಯಾಟ್ ಕಡೆಯವರಿಗೆ ಡಿಎನ್‌ಎಫ್ ಅದೇ ಕೆಲಸ ಮಾಡುತ್ತದೆ. ಇದು ಅರ್ಧ ಪಟ್ಟಿ. ಯಾರೋ ಎಂದೋ ಕೈಯಿಂದ ಕಂಪೈಲ್ ಮಾಡಿ ಯುಎಸ್‌ಆರ್ ಲೋಕಲ್‌ನಲ್ಲೋ /opt ಎಂಬ ಫೋಲ್ಡರಿನಲ್ಲೋ ಇಟ್ಟುಹೋದ ಪ್ರೋಗ್ರಾಮುಗಳು ಪ್ಯಾಕೇಜ್ ಮ್ಯಾನೇಜರಿಗೆ ಗೊತ್ತೇ ಇರುವುದಿಲ್ಲ. ಅವನ್ನು ಒಂದೊಂದಾಗಿ ಎಲ್‌ಡಿಡಿ ಕಮಾಂಡಿನಿಂದ ನೋಡಬೇಕು, ಯಾವ ಲೈಬ್ರರಿ ಯಾವ ಜಾಗದಿಂದ ಬರುತ್ತಿದೆ ಅಂತ ಸಾಲಾಗಿ ತೋರಿಸುತ್ತದೆ. ಎಲ್ಲಿಂದ ಬಂತೋ ಗೊತ್ತಿಲ್ಲದ ಫೈಲಿನ ಮೇಲೆ ಮಾತ್ರ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಲ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡುತ್ತದೆ, ಅಂಥದಕ್ಕೆ ಓಡಿಸದೆಯೇ ಓದಿ ಹೇಳುವ ರೀಡ್‌ಎಲ್ಫ್ ಒಳ್ಳೆಯದು.

ಅಷ್ಟಾದರೂ ಪಟ್ಟಿ ಪೂರ್ತಿಯಾಗುವುದಿಲ್ಲ. ಕೆಲವು ಪ್ರೋಗ್ರಾಮುಗಳು ಓಡುತ್ತಾ ಇರುವಾಗ, ಬೇಕಾದ ಹೊತ್ತಿಗೆ ಲೈಬ್ರರಿಯನ್ನು ಎಳೆದುಕೊಳ್ಳುತ್ತವೆ. ಎಲ್‌ಡಿಡಿಗೆ ಇದು ಕಾಣುವುದಿಲ್ಲ. ಅದಕ್ಕೆ ಸರ್ವರು ಮಾಮೂಲಿನಂತೆ ದುಡಿಯುತ್ತಿರುವ ಹಗಲು ಹೊತ್ತಿನಲ್ಲಿ, ಓಡುತ್ತಿರುವ ಪ್ರತಿ ಪ್ರೋಸೆಸಿನ ಮೆಮರಿ ನಕ್ಷೆಯಲ್ಲಿ ಲಿಬ್‌ಕ್ರಿಪ್ಟೋ ಹೆಸರು ಹುಡುಕಿ. ಪ್ರಾಕ್ ಫೋಲ್ಡರಿನೊಳಗೆ ಪ್ರತಿ ಪ್ರೋಸೆಸಿಗೂ ಮ್ಯಾಪ್ಸ್ ಎಂಬ ಫೈಲಿರುತ್ತದಲ್ಲ, ಅದೇ. ನನ್ನ ಅನುಭವದಲ್ಲಿ 'ಅರೆ, ಇದೂ ಬಳಸುತ್ತದಾ' ಅನ್ನಿಸುವ ಹೆಸರು ಸಿಗುವುದು ಇಲ್ಲೇ.

ಇನ್ನು ಸ್ವಂತ ಬಾವಿ ತೋಡಿಕೊಂಡ ಮನೆಗಳೂ ಇವೆ. ಪೈಪು ಬದಲಿಸಿದರೆ ಇವಕ್ಕೆ ಏನೂ ಆಗುವುದಿಲ್ಲ, ಆದರೆ ಪೈಪಿಗೆ ಹಾಕಿದ ಶುದ್ಧೀಕರಣದ ಲಾಭವೂ ಇವಕ್ಕಿಲ್ಲ. ಗೋ ಭಾಷೆಯ ಪ್ರೋಗ್ರಾಮುಗಳು ಸಾಮಾನ್ಯವಾಗಿ ತಮ್ಮದೇ ಗೂಢಲಿಪಿ ಕೋಡು ಬಳಸುತ್ತವೆ, ಜಾವಾ ಕೂಡ. ನೋಡ್‌ನ ಅಧಿಕೃತ ಡೌನ್‌ಲೋಡಿನೊಳಗೆ ಅದರದೇ ಓಪನ್‌ಎಸ್‌ಎಸ್‌ಎಲ್ ಇರುತ್ತದೆ. ಪೈಥಾನಿನ ಕ್ರಿಪ್ಟೋಗ್ರಫಿ ಪ್ಯಾಕೇಜನ್ನು ಪಿಪ್ ಮೂಲಕ ಹಾಕಿದರೆ ಅದರ ಹೊಟ್ಟೆಯೊಳಗೆ ಒಂದು ಓಪನ್‌ಎಸ್‌ಎಸ್‌ಎಲ್ ಸೇರಿಕೊಂಡೇ ಬರುತ್ತದೆ. ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಡುವ ಡಾಕರ್ ಕಂಟೇನರುಗಳ ಕಥೆಯೂ ಇದೇ. ಹೊರಗಿನ ಸರ್ವರನ್ನು ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಕಂಟೇನರಿನೊಳಗೆ ಹಳೆಯದೇ ಇರುತ್ತದೆ. ಇವನ್ನು ಬೇರೆ ಪುಟದಲ್ಲಿ ಬರೆದಿಡಿ, ಇವುಗಳ ಅಪ್‌ಡೇಟು ಬೇರೆಯೇ ಕೆಲಸ.

ಆವೃತ್ತಿಯ ಸಂಖ್ಯೆ ನೋಡುವಾಗ ಒಂದು ಕಡೆ ಬಹಳ ಜನ ಎಡವುತ್ತಾರೆ. 2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ಭದ್ರತೆಯ ತೊಂದರೆ ಹೊರಬಿತ್ತು. 1.0.1ರಿಂದ 1.0.1ಎಫ್‌ವರೆಗೆ ತೂತಿತ್ತು, 1.0.1ಜಿಯಲ್ಲಿ ಮುಚ್ಚಿದರು. ಆದರೆ ಡೆಬಿಯನ್ 7ರಲ್ಲಿ ಸರಿಪಡಿಸಿ ಕೊಟ್ಟ ಪ್ಯಾಕೇಜಿನ ಹೆಸರಿನಲ್ಲಿ 1.0.1ಇ ಅಂತಲೇ ಇತ್ತು. ಯಾಕೆಂದರೆ ಅವರು ಆವೃತ್ತಿ ಬದಲಿಸಲಿಲ್ಲ, ಹಳೇ ಆವೃತ್ತಿಗೇ ತೇಪೆ ಹಾಕಿದರು. ಉಬುಂಟು, ರೆಡ್‌ಹ್ಯಾಟ್ ಎಲ್ಲ ಮಾಡುವುದು ಹೀಗೇ. ಹೊಂದಿಕೆ ಕೆಡದಿರಲಿ ಅಂತಲೇ ಈ ಏರ್ಪಾಡು. ಹಾಗಾಗಿ ಉಬುಂಟು 22.04ರಲ್ಲಿ 3.0.2 ಅಂತ ಕಂಡ ಕೂಡಲೇ ಹಳತು ಅಂತ ಗಾಬರಿಯಾಗಿ ಮೂಲದಿಂದ ಹೊಸದನ್ನು ಕಂಪೈಲ್ ಮಾಡಿ ಮೇಲಿಂದ ಕೂರಿಸಬೇಡಿ. ಇದು ನಾನು ಕಂಡ ಅತಿ ಕೆಟ್ಟ ತಪ್ಪು. ಪ್ಯಾಕೇಜಿನ ಪೂರ್ತಿ ಸಂಖ್ಯೆ ನೋಡಿ, ಚೇಂಜ್‌ಲಾಗ್ ಓದಿ, ಯಾವ ತೂತಿಗೆ ತೇಪೆ ಬಿದ್ದಿದೆ ಅಂತ ಅಲ್ಲಿ ಬರೆದಿರುತ್ತದೆ. ಹೊಸದಾದರೆ ಸಾಕು ಅನ್ನುವುದೂ ನಿಜವಲ್ಲ. 2022ರ ನವೆಂಬರ್ 1ರಂದು ಸರಿಪಡಿಸಿದ ಎರಡು ದೊಡ್ಡ ತೊಂದರೆಗಳು 3.0.0ಯಿಂದ 3.0.6ರವರೆಗೆ ಮಾತ್ರ ಇದ್ದವು, ಹಳೇ 1.1.1ಕ್ಕೆ ತಾಗಿರಲೇ ಇಲ್ಲ. ಆ ವಾರ ಯಾವ ಯಂತ್ರದಲ್ಲಿ ಯಾವುದಿದೆ ಅಂತ ಪಟ್ಟಿ ಇದ್ದವರು ಒಂದು ತಾಸಿನಲ್ಲಿ ನಿರ್ಧಾರ ಮಾಡಬಹುದಿತ್ತು.

ಈಗ ಮೂರನೇ ಪ್ರಶ್ನೆಗೆ ಬರುತ್ತೇನೆ. ನಿಜವಾದ ಕಷ್ಟ ಇರುವುದು ಇಲ್ಲಿ. ಪ್ರೋಗ್ರಾಮು ಏಳುತ್ತದೆ, ದೂರೂ ಹೇಳುವುದಿಲ್ಲ, ಆದರೆ ನಿನ್ನೆ ಮಾತಾಡುತ್ತಿದ್ದವರ ಜೊತೆ ಇವತ್ತು ಮಾತಾಡುವುದಿಲ್ಲ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸೆಕ್ಯುರಿಟಿ ಲೆವೆಲ್ ಅಂತ ಒಂದಿದೆ, ಎಷ್ಟು ದುರ್ಬಲ ಗೂಢಲಿಪಿಯವರೆಗೆ ಒಪ್ಪಬೇಕು ಅನ್ನುವ ಮಟ್ಟ ಅದು. ನೆಟ್‌ವರ್ಕ್ ಸಂಪರ್ಕವನ್ನು ಭದ್ರ ಮಾಡುವ ನಿಯಮಾವಳಿ ಟಿಎಲ್‌ಎಸ್. 3.0ರಲ್ಲಿ ಅದರ ಹಳೇ ಆವೃತ್ತಿಗಳಾದ 1.0 ಮತ್ತು 1.1 ನಡೆಯುವುದು ಆ ಮಟ್ಟವನ್ನು ಸೊನ್ನೆಗೆ ಇಳಿಸಿದರೆ ಮಾತ್ರ. ಉಬುಂಟುವಿನಲ್ಲಿ ಮಾಮೂಲಿ ಮಟ್ಟ 2, ಆ ಮಟ್ಟದಲ್ಲಿ 2048 ಬಿಟ್‌ಗಿಂತ ಚಿಕ್ಕ ಆರ್‌ಎಸ್‌ಎ ಕೀ ಕೂಡ ನಡೆಯುವುದಿಲ್ಲ. ಇನ್ನೊಂದು, ಹಳೇ ರೀತಿಯ ಮರುಸಂಧಾನ (ನಡೆಯುತ್ತಿರುವ ಸಂಪರ್ಕದ ಭದ್ರತೆಯನ್ನು ನಡುವೆಯೇ ಮತ್ತೆ ಮಾತಾಡಿಕೊಳ್ಳುವುದು) ಮಾತ್ರ ಗೊತ್ತಿರುವ ಸರ್ವರುಗಳು. ಭದ್ರವಾದ ರೀತಿ 2010ರಲ್ಲೇ ಬಂದರೂ ಅದನ್ನು ಅಳವಡಿಸದ ಸರ್ವರುಗಳು ಇನ್ನೂ ಅಲ್ಲಲ್ಲಿ ಇವೆ. 1.1.1 ಅವುಗಳ ಜೊತೆ ಮಾತಾಡುತ್ತಿತ್ತು, 3.0 ಮಾತಾಡುವುದಿಲ್ಲ. ನೀವು ಹೊಸದಾದಿರಿ, ಎದುರಿನವರು ಆಗಲಿಲ್ಲ, ಅಷ್ಟೇ ಕಾರಣ.

ಹಾಗಾಗಿ ಎರಡನೇ ಪಟ್ಟಿಯೊಂದು ಬೇಕು, ಅದು ಹೊರಗಿನವರದ್ದು. ನಿಮ್ಮ ಸರ್ವರು ಯಾರ್ಯಾರ ಜೊತೆ ಮಾತಾಡುತ್ತದೆ? ಬ್ಯಾಂಕು, ಎಸ್‌ಎಂಎಸ್ ಕಳಿಸುವವರು, ಮೇಲ್ ಸರ್ವರು, ಸರ್ಕಾರಿ ಪೋರ್ಟಲು, ಇನ್ನೊಂದು ಊರಿನ ಶಾಖೆಯ ಡೇಟಾಬೇಸು. ಒಳಗೆ ಬರುವವರನ್ನೂ ಮರೆಯಬೇಡಿ. ತೂಕದ ಯಂತ್ರದ ಪಕ್ಕದ ಹಳೇ ಕಂಪ್ಯೂಟರು, ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಪ್ರಿಂಟರು, ಇಂಥವು ಹೊಸ ಟಿಎಲ್‌ಎಸ್ ಕೇಳಿಯೇ ಇರುವುದಿಲ್ಲ. ಮೂರನೆಯದಾಗಿ ಫೈಲುಗಳು: ಪಿ12, ಪಿಎಫ್‌ಎಕ್ಸ್, ಪಾಸ್‌ವರ್ಡ್ ಹಾಕಿಟ್ಟ ಹಳೇ ಬ್ಯಾಕಪ್ಪುಗಳು. ಹಳೇ ಬ್ಯಾಕಪ್ಪನ್ನು ಹೊಸ ಯಂತ್ರದಲ್ಲಿ ತೆರೆದು ನೋಡಿ, ದಯವಿಟ್ಟು. ಬ್ಯಾಕಪ್ ತೆರೆಯುವುದಿಲ್ಲ ಅಂತ ಗೊತ್ತಾಗುವುದು ಅದು ಬೇಕಾದ ದಿನ ಆಗಬಾರದು.

ಇದನ್ನು ಪರೀಕ್ಷಿಸಲು ದೊಡ್ಡ ಏರ್ಪಾಡೇನೂ ಬೇಡ. ಲ್ಯಾಪ್‌ಟಾಪಿನಲ್ಲಿ ಹೊಸ ಆವೃತ್ತಿಯ ಉಬುಂಟು ಕಂಟೇನರ್ ಒಂದನ್ನು ತೆರೆದು, ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಕಮಾಂಡಿನಿಂದ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಸಂಪರ್ಕ ಮಾಡಿ ನೋಡಿ. ಕೈಕುಲುಕಾಟ (ಸಂಪರ್ಕದ ಶುರುವಿನ ಮಾತುಕತೆ) ಮುಗಿದು ಪ್ರಮಾಣಪತ್ರ ಕಂಡರೆ ಸರಿ. ಪಿ12 ಫೈಲುಗಳ ಒಂದು ಪ್ರತಿಯನ್ನೂ ಅದರೊಳಗೇ ತೆರೆದು ನೋಡಿ, ಕೆಲಸ ಮುಗಿದ ಮೇಲೆ ಆ ಪ್ರತಿ ಅಳಿಸಿಬಿಡಿ. ಹತ್ತು ಹದಿನೈದು ಹೆಸರಿನ ಪಟ್ಟಿಗೆ ಅರ್ಧ ತಾಸು ಸಾಕು. ಕೆಲವರು ನಿಮ್ಮ ಸರ್ವರಿನ ವಿಳಾಸದಿಂದ ಬಂದರೆ ಮಾತ್ರ ಬಾಗಿಲು ತೆರೆಯುತ್ತಾರೆ, ಅಂಥವರಿಗೆ ಕಂಟೇನರನ್ನು ಅದೇ ಸರ್ವರಿನ ಮೇಲೆ ಓಡಿಸಬೇಕಾಗುತ್ತದೆ. ಆಮೇಲೆ ಸಾಧ್ಯವಾದರೆ ಇಡೀ ಸರ್ವರಿನ ನಕಲೊಂದನ್ನು ಮಾಡಿ, ಅದರ ಮೇಲೆ ಅಪ್‌ಗ್ರೇಡ್ ಮಾಡಿ, ಒಂದು ದಿನದ ನಿಜವಾದ ಕೆಲಸವನ್ನು ಹಾಯಿಸಿ. ನಕಲು ನಿಜವಾದ ಬ್ಯಾಂಕಿಗೆ ಹಣ ಕಳಿಸದ ಹಾಗೆ ಮೊದಲು ಕಟ್ಟಿಹಾಕಿ. ಕೊನೆಗೆ ಆಪ್ಟ್‌ನ ಸಿಮ್ಯುಲೇಟ್ ಆಯ್ಕೆ. ಅದು ಏನನ್ನೂ ಬದಲಿಸದೆ ಏನೇನು ಮಾಡುತ್ತೇನೆ ಅಂತ ಮಾತ್ರ ಹೇಳುತ್ತದೆ. ಆ ಉದ್ದ ಪಟ್ಟಿಯಲ್ಲಿ 'ತೆಗೆದುಹಾಕಲಾಗುವುದು' ಅನ್ನುವ ಭಾಗವನ್ನು ಎರಡೆರಡು ಸಲ ಓದಿ, ಹೊಂದದ ಪ್ಯಾಕೇಜುಗಳು ಸದ್ದಿಲ್ಲದೆ ಹೋಗುವುದು ಅಲ್ಲೇ.

ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಇಟ್ಟುಕೊಂಡರೆ ಆಗದಾ ಅಂತ ಬಹಳ ಜನ ಕೇಳುತ್ತಾರೆ. ಆಗುತ್ತದೆ. ಫೈಲಿನ ಹೆಸರು ಬೇರೆ ಬೇರೆ ಇರುವುದರಿಂದ 1.1 ಮತ್ತು 3 ಒಂದೇ ಸರ್ವರಿನಲ್ಲಿ ಜಗಳವಿಲ್ಲದೆ ಇರುತ್ತವೆ. ಒಂದೇ ಪ್ರೋಸೆಸಿನೊಳಗೆ ಎರಡೂ ಸೇರಿಕೊಂಡರೆ ಮಾತ್ರ ವಿಚಿತ್ರವಾಗಿ ಬೀಳುವ ಸಂಭವ ಇದೆ. ಆದರೆ 1.1.1ಕ್ಕೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೇ ಮುಗಿದಿದೆ. ಎಲ್ಲಿಂದಲೋ ಇಳಿಸಿ ತಂದು 22.04ರಲ್ಲಿ ಹಾಕಿದ 1.1 ಪ್ಯಾಕೇಜಿಗೆ ನಾಳೆ ತೇಪೆ ಯಾರೂ ಕಳಿಸುವುದಿಲ್ಲ. ಕಾರವಾರದಲ್ಲಿ ಕಾಳಿ ನದಿಗೆ ಹೊಸ ಸೇತುವೆ ಬಂದ ಮೇಲೂ ಪಕ್ಕದ ಹಳೇ ಸೇತುವೆಯ ಮೇಲೆ ಒಂದು ದಿಕ್ಕಿನ ವಾಹನ ಓಡುತ್ತಲೇ ಇತ್ತು. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದು ಲಾರಿಯೊಂದು ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿದರು. ಪಕ್ಕಪಕ್ಕ ಇಟ್ಟುಕೊಳ್ಳುವುದಾದರೆ ಹಳೆಯದನ್ನು ಯಾರು ಬಳಸುತ್ತಿದ್ದಾರೆ, ಯಾವ ತಾರೀಖಿಗೆ ತೆಗೆಯುತ್ತೇವೆ, ಎರಡನ್ನೂ ಬರೆದು ಗೋಡೆಗೆ ಅಂಟಿಸಿ.

ಲೆಗಸಿ ಕಪಾಟು ತೆರೆಯುವುದಕ್ಕೂ ಇದೇ ಮಾತು. ತೆರೆಯಲೇಬೇಕಾದರೆ ಒಂದು ವಿಷಯ ಗಮನಿಸಿ. ಸಂರಚನೆಯ ಫೈಲಿನಲ್ಲಿ ಲೆಗಸಿಯನ್ನು ಮಾತ್ರ ಚಾಲೂ ಮಾಡಿದರೆ ಮಾಮೂಲಿ ಕಪಾಟು ತಾನಾಗಿ ತೆರೆಯುವುದು ನಿಂತುಹೋಗುತ್ತದೆ. ಎರಡನ್ನೂ ಹೆಸರು ಹೇಳಿ ಚಾಲೂ ಮಾಡಬೇಕು. ಇಲ್ಲದಿದ್ದರೆ ಒಂದು ಹಳೇ ಫೈಲಿಗಾಗಿ ಇಡೀ ಸರ್ವರಿನ ಗೂಢಲಿಪಿ ಕೈಕೊಡುತ್ತದೆ. ಸಾಧ್ಯವಾದಷ್ಟೂ ಬೇಕಾದ ಪ್ರೋಗ್ರಾಮಿಗೆ ಮಾತ್ರ ಬೇರೆ ಸಂರಚನೆ ಕೊಡಿ.

ನಿಜವಾದ ದಿನ ಬಂದಾಗ ನಮ್ಮ ಜಿಲ್ಲೆಯವರಿಗೆ ಇನ್ನೊಂದು ಲೆಕ್ಕ ಇದೆ. ನಾನು ಶಿರಸಿಯಲ್ಲಿ, ಸರ್ವರು ಕಾರವಾರದಲ್ಲಿ ಅಂದರೆ ನಡುವೆ ಘಟ್ಟ ಇದೆ. ಜೋರು ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ, ಮರ ಬಿದ್ದು ಕೇಬಲ್ ತುಂಡಾಗುತ್ತದೆ. ಅಪ್‌ಗ್ರೇಡ್ ಅರ್ಧದಲ್ಲಿರುವಾಗ ಸಂಪರ್ಕ ಕಡಿದರೆ ಹೊಸ ಲೈಬ್ರರಿ ಬಂದು ಪ್ಯಾಕೇಜುಗಳು ಬಾರದ ಸ್ಥಿತಿಯಲ್ಲಿ ಸರ್ವರು ನಿಲ್ಲಬಹುದು. ಅದಕ್ಕೆ ಯಾವಾಗಲೂ ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೇ ಓಡಿಸಿ, ಇಲ್ಲಿ ಸಂಪರ್ಕ ಕಡಿದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಎಸ್‌ಎಸ್‌ಎಚ್‌ನ ಇನ್ನೊಂದು ಲಾಗಿನ್ ತೆರೆದೇ ಇಟ್ಟುಕೊಳ್ಳಿ, ಹೊಸ ಲಾಗಿನ್ ಆಗುತ್ತದೆ ಅಂತ ಖಾತ್ರಿಯಾಗುವವರೆಗೆ ಅದನ್ನು ಮುಚ್ಚಬೇಡಿ. ಉಬುಂಟುವಿನ ಆವೃತ್ತಿ ಏರಿಸುವ ಪ್ರೋಗ್ರಾಮು ಇದನ್ನು ತಿಳಿದೇ 1022ನೇ ಪೋರ್ಟಿನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ಎಬ್ಬಿಸಿಡುತ್ತದೆ. ಫೈರ್‌ವಾಲಿನಲ್ಲಿ ಆ ಪೋರ್ಟು ತೆರೆಯದಿದ್ದರೆ ಅದಿದ್ದೂ ಪ್ರಯೋಜನವಿಲ್ಲ. ಶುರುಮಾಡುವ ಮೊದಲು ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಗೆ ಮರಳಲು ಸರ್ವರಿನ ಆಗಿನ ಪ್ರತಿ) ತೆಗೆಯಿರಿ, ಮತ್ತು ಕಾರವಾರದಲ್ಲಿ ಸರ್ವರಿನ ಕೋಣೆಯ ಬೀಗ ಯಾರ ಹತ್ತಿರ ಇದೆ ಅಂತ ಕೇಳಿಟ್ಟುಕೊಳ್ಳಿ.

ಅಪ್‌ಗ್ರೇಡ್ ಮುಗಿದ ಮೇಲೆ ಡಿಸ್ಕಿನಲ್ಲಿ ಹೊಸ ಫೈಲು ಬಂದಿರುತ್ತದೆ, ಆದರೆ ಮೊದಲೇ ಓಡುತ್ತಿದ್ದ ಪ್ರೋಸೆಸುಗಳ ಮೆಮರಿಯಲ್ಲಿ ಹಳೆಯದೇ ಇರುತ್ತದೆ. ತೂತು ಮುಚ್ಚಲು ಅಪ್‌ಡೇಟ್ ಮಾಡಿ ಸರ್ವಿಸನ್ನು ಮತ್ತೆ ಎಬ್ಬಿಸದಿದ್ದರೆ ತೂತು ಹಾಗೇ ಇದೆ ಅಂತಲೇ ಅರ್ಥ. ನೀಡ್‌ರಿಸ್ಟಾರ್ಟ್ ಅನ್ನುವ ಸಲಕರಣೆ ಯಾವ್ಯಾವ ಸರ್ವಿಸು ಹಳೆಯದನ್ನು ಹಿಡಿದು ಕೂತಿದೆ ಅಂತ ಹೇಳುತ್ತದೆ. ನಾನಂತೂ ಲೈಬ್ರರಿ ಬದಲಾದರೆ ಸರ್ವರನ್ನೇ ಒಮ್ಮೆ ರೀಬೂಟ್ ಮಾಡುತ್ತೇನೆ, ಬೆಳಗಿನ ಜಾವ, ನಾನು ಎದುರಿಗೇ ಕೂತಿರುವಾಗ. ಏಳದೆ ಇರುವುದು ಯಾವುದಾದರೂ ಇದ್ದರೆ ಆಗಲೇ ಗೊತ್ತಾಗಲಿ.

ಓಪನ್‌ಎಸ್‌ಎಸ್‌ಎಲ್ 3.0ಗೆ ಅದನ್ನು ಮಾಡುವವರ ಬೆಂಬಲ ಇರುವುದು 2026ರ ಸೆಪ್ಟೆಂಬರ್ 7ರವರೆಗೆ. ಆಮೇಲೆ ತಮ್ಮ ಬಳಕೆದಾರರಿಗೆ ತೇಪೆ ಹಾಕುವುದು ಉಬುಂಟುವಿನಂಥವರ ಕೆಲಸ. 2025ರ ಏಪ್ರಿಲಿನಲ್ಲಿ ಬಂದ 3.5ಕ್ಕೆ 2030ರವರೆಗೆ ಬೆಂಬಲವಿದೆ, ಮೊದಲ ಅಂಕಿ ಒಂದೇ ಆದ್ದರಿಂದ ಜೋಡಣೆಯ ತೊಂದರೆ ಕಡಿಮೆ. ಆದರೆ 3.2ರಿಂದ ಓಪನ್‌ಎಸ್‌ಎಸ್‌ಎಲ್‌ನ ಮೂಲದಲ್ಲೇ ಸೆಕ್ಯುರಿಟಿ ಲೆವೆಲ್ 1ರಿಂದ 2ಕ್ಕೆ ಏರಿದೆ. ಹಾಗಾಗಿ ನನ್ನ ಹೊರಗಿನವರ ಪಟ್ಟಿಯನ್ನು ಮತ್ತೆ ಹೊರತೆಗೆದು, ಮೇಲಿನಿಂದ ಒಂದೊಂದೇ ಹೆಸರಿಗೆ ಸಂಪರ್ಕ ಮಾಡಿ ನೋಡುತ್ತಾ ಬಂದಿದ್ದೇನೆ. ಸಂಘದ ಆ ಪಿ12 ಫೈಲು ಹೊಸದರಲ್ಲೂ ತೆರೆಯಿತು. ತೂಕದ ಯಂತ್ರದ ಪಕ್ಕದ ಕಂಪ್ಯೂಟರನ್ನು ಇನ್ನೂ ನೋಡಬೇಕು.